ಅಂಗಳದ ಜಪಾನಿ ಮೇಪಲ್ ಮರವನ್ನು ಚಳಿಗಾಲ ದಾಟಿಸುವ ಬಗೆ

ಅಕ್ಟೋಬರ್ ಹತ್ತಿರವಾದಂತೆ ಓದುಗರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮನೆಯ ಮುಂದೆ ನೆಟ್ಟಿರುವ ಕೆಂಪೆಲೆಯ ಪುಟ್ಟ ಮೇಪಲ್‌ಗೆ ಚಳಿಗಾಲದಲ್ಲಿ ಏನನ್ನು ಹೊದಿಸಬೇಕು? ಏಪ್ರಿಲ್ ಕಳೆಯುವಾಗ ಅದೇ ಮನೆಗಳಿಂದ ಇನ್ನೊಂದು ಪ್ರಶ್ನೆ ಬರುತ್ತದೆ: ಪಕ್ಕದ ಮನೆಯ ಮರ ಚಿಗುರಿದೆ, ನಮ್ಮದು ಮಾತ್ರ ಕಡ್ಡಿಯಂತೆ ನಿಂತಿದೆ, ಸತ್ತುಹೋಯಿತೇ? ಮೊದಲನೆಯ ಪ್ರಶ್ನೆಗೆ ಸಕಾಲದಲ್ಲಿ ಉತ್ತರ ಸಿಕ್ಕಿದ್ದರೆ ಎರಡನೆಯದನ್ನು ಕೇಳುವ ಸಂದರ್ಭ ಬಹುಮಟ್ಟಿಗೆ ಬರುವುದಿಲ್ಲ. ಆದ್ದರಿಂದ ಜುಲೈನಿಂದ ಮೇ ತನಕ ಮಾಡಬೇಕಾದ ಕೆಲಸಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನಾನಿರುವುದು ಶಿಕಾಗೋ ಸುತ್ತಲಿನ ಉಪನಗರವೊಂದರಲ್ಲಿ. ಇಲ್ಲಿ ಹೇಳುವ ತಿಂಗಳು ಮತ್ತು ಅಳತೆಗಳು ಈ ಸೀಮೆಗೆ ಸರಿಹೊಂದುತ್ತವೆ. ಮಿಶಿಗನ್, ವಿಸ್ಕಾನ್ಸಿನ್, ಒಹಾಯೊ ಕಡೆಯ ಓದುಗರೂ ಒಂದೆರಡು ವಾರ ಹಿಂದುಮುಂದು ಮಾಡಿಕೊಂಡು ಇದನ್ನೇ ಅನುಸರಿಸಬಹುದು. ನ್ಯೂಜೆರ್ಸಿಯವರು ನೆಲದಲ್ಲಿ ಬೇರೂರಿದ ಮರಕ್ಕೆ ಇಷ್ಟೆಲ್ಲ ಮಾಡಬೇಕಾಗಿಲ್ಲ, ಕುಂಡದಲ್ಲಿ ಬೆಳೆಸುತ್ತಿದ್ದರೆ ಮಾತ್ರ ಏಳನೆಯ ಹಂತವನ್ನು ಬಿಡದೆ ಓದಬೇಕು. ಬೆಂಗಳೂರಿನಿಂದ ಕೇಳುವ ಬಂಧುಗಳಿಗೆ ನನ್ನ ಉತ್ತರ ಬೇರೆಯೇ: ಈ ಮರಕ್ಕೆ ಪ್ರತಿ ವರ್ಷ ಹಲವು ವಾರಗಳ ನಿಜವಾದ ಚಳಿಯ ನಿದ್ದೆ ಬೇಕು, ಅದು ಬೆಂಗಳೂರಿನ ಡಿಸೆಂಬರ್‌ನಲ್ಲಿ ದೊರೆಯುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದ ಒಂದು ವಿಷಯ

ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು ಪ್ರೀತಿಯಿಂದಲೇ ಹುಟ್ಟುತ್ತದೆ. ಮಗುವಿಗೆ ಚಳಿಯಾದಾಗ ಕಂಬಳಿ ಹೊದಿಸುವಂತೆ ಮರಕ್ಕೂ ಹೊದಿಸುತ್ತೇವೆ. ಆದರೆ ಕಂಬಳಿ ತಾನಾಗಿ ಕಾವನ್ನು ಹುಟ್ಟಿಸುವುದಿಲ್ಲ. ಮೈಯ ಕಾವು ಹೊರಹೋಗದಂತೆ ತಡೆಯುತ್ತದೆ, ಅಷ್ಟೇ. ಮರಕ್ಕೆ ಅಂಥ ಮೈಕಾವು ಇಲ್ಲವಾದ್ದರಿಂದ ಕೊಂಬೆಗಳಿಗೆ ಎಷ್ಟು ಬಟ್ಟೆ ಸುತ್ತಿದರೂ ಜನವರಿಯ ನಡುರಾತ್ರಿಯಲ್ಲಿ ಒಳಗೂ ಹೊರಗಿನಷ್ಟೇ ಚಳಿಯಿರುತ್ತದೆ.

ಹಗಲು ಚಿಕ್ಕದಾಗುತ್ತ ಬಂದಂತೆ ಮರ ತಾನೇ ಚಳಿಗೆ ಅಣಿಯಾಗುತ್ತದೆ. ಎಲೆ ಉದುರಿಸಿ, ಬೆಳವಣಿಗೆ ನಿಲ್ಲಿಸಿ, ಜೀವಕೋಶಗಳಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಳ್ಳುತ್ತದೆ. ಕೋಶದೊಳಗಿನ ನೀರಿನ ಒಂದು ಪಾಲು ಹೊರಗೆ, ಕೋಶಗಳ ನಡುವಿನ ಜಾಗದಲ್ಲಿ ಹೆಪ್ಪುಗಟ್ಟುತ್ತದೆ, ಹಾಗಾಗಿ ಕೋಶ ಒಡೆಯುವುದಿಲ್ಲ. ಈ ನಿದ್ದೆಯನ್ನೇ ಸುಪ್ತಾವಸ್ಥೆ ಎನ್ನುತ್ತಾರೆ. ಹೀಗೆ ಸಿದ್ಧವಾಗಿ ಮಲಗಿದ ಮರವನ್ನು ಕೆಡಿಸುವ ಸಂಗತಿಗಳು ನಾಲ್ಕು: ಹೆಪ್ಪುಗಟ್ಟಿದ ನೆಲದಿಂದ ನೀರು ಸಿಗದಿರುವಾಗ ಬೀಸುವ ಒಣಗಾಳಿ, ಬೇರಿಗೆ ನೇರವಾಗಿ ತಗಲುವ ಚಳಿ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಏರಿಳಿತ ಮತ್ತು ಹಸಿದ ಪ್ರಾಣಿಗಳ ಹಲ್ಲು. ನಮ್ಮ ಕೆಲಸ ಮರವನ್ನು ಬೆಚ್ಚಗಿಡುವುದಲ್ಲ, ಒಂದೇ ಸಮನಾಗಿ ತಣ್ಣಗಿಡುವುದು. ಮುಂದಿನ ಎಲ್ಲ ಹಂತಗಳೂ ಇದರಿಂದಲೇ ಹೊರಡುತ್ತವೆ.

ಬೇಕಾಗುವ ಸಾಮಗ್ರಿ

ಚೂರುಮಾಡಿದ ತೊಗಟೆ ಅಥವಾ ಮರದ ಚಕ್ಕೆ. 6 ಮಿಲಿಮೀಟರ್ ಕಣ್ಣಿನ ತಂತಿಜಾಲರಿ (ಇಲ್ಲಿನ ಅಂಗಡಿಗಳಲ್ಲಿ ಇದನ್ನು ಹಾರ್ಡ್‌ವೇರ್ ಕ್ಲಾತ್ ಎಂದು ಕೇಳಬೇಕು, ಹೆಸರಿನಲ್ಲಿ ಬಟ್ಟೆ ಇದ್ದರೂ ಇದು ಲೋಹದ್ದೇ). ಬರ್ಲ್ಯಾಪ್, ಎಂದರೆ ನಮ್ಮ ಗೋಣಿತಟ್ಟು. ನಾಲ್ಕು ಮರದ ಗೂಟಗಳು. ಎಳೆಯ ಕಾಂಡಕ್ಕೆ ಸುತ್ತುವ ಬಿಳಿಯ ಪಟ್ಟಿ. ಕುಂಡದ ಮರವಿದ್ದರೆ ಕನಿಷ್ಠ–ಗರಿಷ್ಠ ತಾಪಮಾನವನ್ನು ದಾಖಲಿಸಿಡುವ ಒಂದು ತಾಪಮಾಪಕ. ಕಪ್ಪು ಪ್ಲಾಸ್ಟಿಕ್ ಹಾಳೆ ಮನೆಯಲ್ಲಿದ್ದರೆ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

1. ನಿಮ್ಮ ಮರ ಯಾವುದು, ನಿಮ್ಮ ಊರಿನ ಚಳಿ ಎಷ್ಟು ಎಂದು ಗುರುತಿಸಿ

ಕೆಂಪೆಲೆಯ ಎಲ್ಲ ಮೇಪಲ್‌ಗಳೂ ಜಪಾನಿ ಅಲ್ಲ. ಬೀದಿಬದಿಯಲ್ಲಿ ಎತ್ತರವಾಗಿ ಬೆಳೆಯುವ, ಕಡುನೇರಳೆ ಎಲೆಯ ಮರ ನಾರ್ವೆ ಮೇಪಲ್‌ನ ಒಂದು ತಳಿಯಾಗಿರಬಹುದು. ಅದರ ಎಲೆಯ ತೊಟ್ಟನ್ನು ಮುರಿದರೆ ಹಾಲು ಒಸರುತ್ತದೆ. ರೆಡ್ ಮೇಪಲ್ ಎಂದು ಮಾರುವುದು ಅಮೆರಿಕದ್ದೇ ಆದ ಇನ್ನೊಂದು ಮರ. ಇವೆರಡಕ್ಕೂ ಎಳೆಯದರಲ್ಲಿ ಕಾಂಡದ ರಕ್ಷಣೆ ಬಿಟ್ಟರೆ ಬೇರೇನೂ ಬೇಡ. ಜಪಾನಿ ಮೇಪಲ್‌ನ ಸಸ್ಯಶಾಸ್ತ್ರೀಯ ಹೆಸರು ಏಸರ್ ಪಾಮೇಟಮ್. ಎಲೆ ಚಿಕ್ಕದು, ಬಿಡಿಸಿದ ಅಂಗೈಯಂತೆ ಐದು ಅಥವಾ ಏಳು ಬೆರಳುಗಳಾಗಿ ಆಳಕ್ಕೆ ಸೀಳಿರುತ್ತದೆ. ಮೇಪಲ್‌ಗೆ ಜಪಾನಿನಲ್ಲಿ ಇರುವ ಕಾಯೆದೆ ಎಂಬ ಹೆಸರು ‘ಕಪ್ಪೆಯ ಕೈ’ ಎಂಬ ಅರ್ಥದ ಮಾತಿನಿಂದ ಬಂದದ್ದು. ಎಲೆ ಇನ್ನೂ ಸಣ್ಣ ಎಳೆಗಳಾಗಿ ಸೀಳಿ, ಕೊಂಬೆಗಳು ನೆಲಕ್ಕೆ ಬಾಗಿದ್ದರೆ ಅದು ಲೇಸ್‌ಲೀಫ್ ಗುಂಪಿನದು, ಉದಾಹರಣೆಗೆ ‘ಕ್ರಿಮ್ಸನ್ ಕ್ವೀನ್’ ಅಥವಾ ‘ತಮುಕೆಯಾಮಾ’.

ಅಮೆರಿಕದ ಕೃಷಿ ಇಲಾಖೆ ದೇಶವನ್ನು ಹಾರ್ಡಿನೆಸ್ ಝೋನ್‌ಗಳಾಗಿ, ಎಂದರೆ ವರ್ಷದ ಅತಿ ಚಳಿಯ ರಾತ್ರಿಯ ತಾಪಮಾನದ ಹಲವು ವರ್ಷಗಳ ಸರಾಸರಿಯ ಮೇಲೆ ವಲಯಗಳಾಗಿ ವಿಂಗಡಿಸಿದೆ. ಈ ನಕ್ಷೆ 2023ರಲ್ಲಿ ಪರಿಷ್ಕೃತವಾಗಿದೆ. ಐದನೆಯ ವಲಯದಲ್ಲಿ ಆ ರಾತ್ರಿಯ ಸರಾಸರಿ ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್, ಆರನೆಯದರಲ್ಲಿ ಮೈನಸ್ 23ರಿಂದ ಮೈನಸ್ 18. ಜಪಾನಿ ಮೇಪಲ್‌ನ ಹೆಚ್ಚಿನ ತಳಿಗಳನ್ನು 5ರಿಂದ 8ರವರೆಗಿನ ವಲಯಗಳಿಗೆ ಹೇಳುತ್ತಾರೆ. ಶಿಕಾಗೋ ಸುತ್ತಮುತ್ತಲ ಊರುಗಳು 5 ಮತ್ತು 6ರ ಗಡಿಯಲ್ಲಿವೆ. ಮರ ಬದುಕುತ್ತದೆ, ಆದರೆ ಅಂಚಿನಲ್ಲಿ ಬದುಕುತ್ತದೆ. ಸರಾಸರಿಯೆಂಬುದು ಸರಾಸರಿ ಮಾತ್ರ ಎಂಬುದನ್ನೂ ಮರೆಯಬಾರದು. 2019ರ ಜನವರಿ ಕೊನೆಯಲ್ಲಿ ಇಲ್ಲಿನ ರಾಕ್‌ಫರ್ಡ್‌ನಲ್ಲಿ ತಾಪಮಾನ ಮೈನಸ್ 35 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು.

ಕೆನಡಾದ ಓದುಗರಿಗೆ ಒಂದು ಎಚ್ಚರಿಕೆ: ನಿಮ್ಮ ಸರ್ಕಾರದ ವಲಯ ಪದ್ಧತಿ ತಾಪಮಾನದ ಜೊತೆಗೆ ಹಿಮದ ಹೊದಿಕೆ, ಗಾಳಿ, ಮಳೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಅಮೆರಿಕದ 5 ಮತ್ತು ಕೆನಡಾದ 5 ಒಂದೇ ಅಲ್ಲ. ಗಿಡದ ಚೀಟಿಯಲ್ಲಿರುವುದು ಯಾವ ಪದ್ಧತಿಯ ಅಂಕೆ ಎಂದು ಕೇಳಿ ಕೊಳ್ಳಬೇಕು.

ಇನ್ನೂ ಮರ ಕೊಂಡಿಲ್ಲವಾದರೆ ನನ್ನ ಅಭಿಪ್ರಾಯ ಹೀಗಿದೆ. ‘ಎಂಪರರ್ ಒನ್’ ತಳಿ ‘ಬ್ಲಡ್‌ಗುಡ್’ಗಿಂತ ತಡವಾಗಿ ಚಿಗುರುತ್ತದೆ, ಹಾಗಾಗಿ ವಸಂತದ ಚಳಿಯಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹವಳದ ಬಣ್ಣದ ಕೊಂಬೆಗಳ ‘ಸಾಂಗೊ ಕಾಕು’ ನೋಡಲು ಬಹಳ ಚೆಂದ, ಆದರೆ ನಮ್ಮ ಸೀಮೆಯಲ್ಲಿ ಅದರ ತುದಿಗಳು ಒಣಗುವುದು ಸಾಮಾನ್ಯ. ಮೊದಲ ಮರವಾಗಿ ಅದನ್ನು ಕೊಳ್ಳಬೇಡಿ. ನಾಲ್ಕನೆಯ ವಲಯದವರು ಜಪಾನಿ ಮೇಪಲ್‌ನ ಹತ್ತಿರದ ನೆಂಟನಾದ ಕೊರಿಯನ್ ಮೇಪಲ್ ಅಥವಾ ಅದರ ಮಿಶ್ರತಳಿಗಳನ್ನು ನೆಡುವುದೇ ವಿವೇಕ. ಯಾವುದನ್ನೇ ಆಗಲಿ ವಸಂತದಲ್ಲಿ ನೆಡಿ. ಅಕ್ಟೋಬರ್‌ನ ರಿಯಾಯಿತಿ ಮಾರಾಟದಲ್ಲಿ ತಂದು ನೆಟ್ಟ ಗಿಡಕ್ಕೆ ಬೇರು ಬಿಡಲು ಸಮಯವೇ ಸಿಗುವುದಿಲ್ಲ.

2. ಜುಲೈ ಮಧ್ಯದ ನಂತರ ಗೊಬ್ಬರವನ್ನೂ ಕತ್ತರಿಯನ್ನೂ ಬದಿಗಿಡಿ

ಚಳಿಗಾಲದ ಸಿದ್ಧತೆ ಬೇಸಿಗೆಯಲ್ಲೇ ಶುರುವಾಗುತ್ತದೆ. ಸಾರಜನಕವಿರುವ ಗೊಬ್ಬರವನ್ನು ಆಗಸ್ಟ್‌ನಲ್ಲಿ ಕೊಟ್ಟರೆ, ಇಲ್ಲವೇ ಕೊಂಬೆಗಳನ್ನು ಜೋರಾಗಿ ಕತ್ತರಿಸಿದರೆ, ಮರ ಹೊಸ ಚಿಗುರು ಬಿಡುತ್ತದೆ. ಆ ಎಳೆಯ ಚಿಗುರು ಬಲಿತು ಗಟ್ಟಿಯಾಗುವ ಮೊದಲೇ ಚಳಿ ಬಂದು, ತುದಿಯಿಂದ ಸಾಯತೊಡಗುತ್ತದೆ. ಹುಲ್ಲುಹಾಸಿಗೆ ಹಾಕುವ ಗೊಬ್ಬರವೂ ಮರದ ಬೇರಿಗೆ ತಲುಪುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮರದ ಕೊಂಬೆಗಳು ಹರಡಿರುವಷ್ಟು ಜಾಗವನ್ನು ಬಿಟ್ಟು ಹಾಕುವಂತೆ ಹುಲ್ಲು ನೋಡಿಕೊಳ್ಳುವವರಿಗೆ ಹೇಳಿಡಿ.

3. ನೆಲ ಹೆಪ್ಪುಗಟ್ಟುವವರೆಗೂ ನೀರು ಕೊಡಿ

ಎಲ್ಲ ಹಂತಗಳಲ್ಲಿ ಅತಿ ಮುಖ್ಯವಾದದ್ದು ಇದು, ಅತಿ ಹೆಚ್ಚು ಜನ ತಪ್ಪಿಸುವುದೂ ಇದನ್ನೇ. ಕಾರಣ ಸರಳ. ಸ್ಪ್ರಿಂಕ್ಲರ್ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯಬಾರದೆಂದು ಅಕ್ಟೋಬರ್‌ನಲ್ಲೇ ಅವುಗಳಲ್ಲಿರುವ ನೀರನ್ನು ಊದಿ ತೆಗೆಸಿ ಬಂದ್ ಮಾಡಿಸುತ್ತೇವೆ, ಅಲ್ಲಿಗೆ ತೋಟದ ನೆನಪೂ ಬಂದ್ ಆಗುತ್ತದೆ. ಆದರೆ ನೆಲ ಹೆಪ್ಪುಗಟ್ಟುವುದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಎಲೆ ಉದುರಿದ ಮೇಲೂ ಮಣ್ಣು ಬೆಚ್ಚಗಿರುವವರೆಗೆ ಬೇರುಗಳು ಕೆಲಸ ಮಾಡುತ್ತಿರುತ್ತವೆ. ನವೆಂಬರ್‌ನ ನಾಲ್ಕು ವಾರ ಮಳೆಯಿಲ್ಲದೆ ಕಳೆದರೆ ಮರ ಬಾಯಾರಿದ ಸ್ಥಿತಿಯಲ್ಲೇ ಚಳಿಗಾಲಕ್ಕೆ ಕಾಲಿಡುತ್ತದೆ.

ಮಳೆಯೂ ಸೇರಿ ವಾರಕ್ಕೆ ಸುಮಾರು 25 ಮಿಲಿಮೀಟರ್, ಎಂದರೆ ಒಂದು ಇಂಚು ನೀರು ಸಾಕು. ಬುಡದಲ್ಲಿ ಬೆರಳನ್ನು 5 ಸೆಂಟಿಮೀಟರ್ ಆಳಕ್ಕೆ ಇಳಿಸಿ ನೋಡಿ. ಒಣಗಿದ್ದರೆ ಬಕೆಟ್ಟಿನಲ್ಲಾದರೂ ನಿಧಾನವಾಗಿ ಎರೆಯಿರಿ. ತೇವವಿರುವ ಮಣ್ಣಿನಿಂದ ಇನ್ನೊಂದು ಲಾಭವಿದೆ. ನೀರು ಹೆಪ್ಪುಗಟ್ಟುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುವುದರಿಂದ ಒದ್ದೆ ಮಣ್ಣು ಒಣಮಣ್ಣಿಗಿಂತ ನಿಧಾನವಾಗಿ ತಣಿಯುತ್ತದೆ, ಬೇರಿಗೆ ತಗಲುವ ಪೆಟ್ಟು ಕಡಿಮೆಯಾಗುತ್ತದೆ. ಆದರೆ ಒದ್ದೆ ಎಂದರೆ ಕೆಸರಲ್ಲ. ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಈ ಮರದ ಬೇರು ಕೊಳೆಯುತ್ತದೆ. ಅಂಥ ಜಾಗವಾದರೆ ನೆಡುವಾಗಲೇ ಬುಡವನ್ನು ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರಿಸಿರಬೇಕು.

4. ಬುಡಕ್ಕೆ ಮುಚ್ಚಿಗೆ ಹಾಕಿ

ಮುಚ್ಚಿಗೆ ಎಂದರೆ ಇಲ್ಲಿಯವರು ಮಲ್ಚ್ ಎನ್ನುವುದು. ಊರಿನಲ್ಲಿ ಅಡಿಕೆ ಮರದ ಬುಡಕ್ಕೆ ಸೊಪ್ಪು ಹೊದಿಸುವುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಕೊಂಬೆಗಳಿಗೆ ಹೊದಿಸಿ ಪ್ರಯೋಜನವಿಲ್ಲ ಎಂದು ಮೇಲೆ ಹೇಳಿದೆ, ಬುಡದ ವಿಷಯ ಹಾಗಲ್ಲ. ಭೂಮಿಯ ಆಳದಲ್ಲಿ ಬೇಸಿಗೆಯ ಕಾವು ಉಳಿದಿರುತ್ತದೆ, ಮುಚ್ಚಿಗೆ ಅದನ್ನು ಹಿಡಿದಿಡುತ್ತದೆ. ಈ ಮರದ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡುವುದರಿಂದ ಇದಕ್ಕೆ ಮುಚ್ಚಿಗೆಯ ಅಗತ್ಯ ಹೆಚ್ಚು.

ನವೆಂಬರ್ ಕೊನೆಯಲ್ಲಿ 7ರಿಂದ 8 ಸೆಂಟಿಮೀಟರ್ ದಪ್ಪಕ್ಕೆ, ಕೊಂಬೆಗಳ ಹರವಿನಷ್ಟು ಅಗಲಕ್ಕೆ ಹರಡಿ, ಕಾಂಡದ ಸುತ್ತ ಒಂದು ಗೇಣು ಜಾಗವನ್ನು ಖಾಲಿ ಬಿಡಿ. ನಮ್ಮ ಬೀದಿಗಳಲ್ಲಿ ಕಾಂಡಕ್ಕೆ ಆನಿಸಿ ಹುತ್ತದಂತೆ ಒಟ್ಟಿರುವುದನ್ನು ನೋಡಿ ಅದೇ ಸರಿಯಾದ ಕ್ರಮ ಎಂದು ಭಾವಿಸಬೇಡಿ. ಆ ರಾಶಿಯೊಳಗೆ ತೊಗಟೆ ತೇವಗೊಂಡು ಕೊಳೆಯುತ್ತದೆ, ಇಲಿಗಳಿಗೆ ಬೆಚ್ಚನೆಯ ಬಿಡಾರವೂ ಆಗುತ್ತದೆ.

5. ಬೇಲಿ: ಮೊಲ ಮತ್ತು ವೋಲ್

ವೋಲ್ ಎಂಬುದು ಮೋಟುಬಾಲದ, ಇಲಿಯಂಥ ಪ್ರಾಣಿ. ಹಿಮದ ಅಡಿಯಲ್ಲಿ ಸುರಂಗ ಮಾಡಿಕೊಂಡು ಬಂದು, ಯಾರ ಕಣ್ಣಿಗೂ ಬೀಳದೆ ಕಾಂಡದ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುತ್ತದೆ. ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕವೇ. ಆದ್ದರಿಂದ ಒಂದು ಪೂರ್ತಿ ಸುತ್ತು ತೊಗಟೆ ಹೋದರೆ ಮರ ಉಳಿಯುವುದಿಲ್ಲ. ತಂತಿಜಾಲರಿಯನ್ನು ಕೊಳವೆಯಂತೆ ಮಡಿಸಿ, ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ಸುತ್ತಲೂ ನಿಲ್ಲಿಸಿ, ಕೆಳತುದಿಯನ್ನು 5ರಿಂದ 8 ಸೆಂಟಿಮೀಟರ್ ಮಣ್ಣಿನೊಳಗೆ ಹೂಳಿ.

ಎತ್ತರದ ವಿಷಯದಲ್ಲಿ ಜಿಪುಣತನ ಬೇಡ. ಬಿದ್ದ ಹಿಮ ಅರ್ಧ ಮೀಟರ್ ಇದ್ದರೆ ಮೊಲ ಅದರ ಮೇಲೆ ನಿಂತು ತಿನ್ನುತ್ತದೆ, ಆಗ ನೀವು ಕಟ್ಟಿದ ಒಂದಡಿಯ ಬೇಲಿ ಹಿಮದೊಳಗೆ ಹೂತಿರುತ್ತದೆ. ಕೊಂಬೆಗಳು ನೆಲದವರೆಗೆ ಇಳಿಬಿದ್ದ ಲೇಸ್‌ಲೀಫ್ ಮರವಾದರೆ ಕಾಂಡಕ್ಕೆ ಗಿಡ್ಡ ಜಾಲರಿ ಕಟ್ಟಿ, ಇಡೀ ಮರದ ಸುತ್ತ ಕೋಳಿಗೂಡಿನ ತಂತಿಯ ಬೇಲಿಯನ್ನು ಬೇರೆಯಾಗಿ ನಿಲ್ಲಿಸಬೇಕಾಗುತ್ತದೆ.

6. ಗಾಳಿಗೆ ಮರೆ, ಎಳೆಯ ಕಾಂಡಕ್ಕೆ ಪಟ್ಟಿ

ನೆಟ್ಟು ಮೂರು ಚಳಿಗಾಲ ದಾಟಿದ, ಮನೆಯ ಪೂರ್ವ ಅಥವಾ ಉತ್ತರ ಗೋಡೆಯ ಮರೆಯಲ್ಲಿರುವ ಮರಕ್ಕೆ ಈ ಹಂತ ಬೇಕಾಗುವುದಿಲ್ಲ. ಹೊಸ ಮರಕ್ಕೂ ಬಯಲಿನಲ್ಲಿ ನಿಂತ ಮರಕ್ಕೂ ಬೇಕು.

ನೆಲ ಗಟ್ಟಿಯಾಗುವ ಮೊದಲೇ, ನವೆಂಬರ್ ಆರಂಭದಲ್ಲಿ, ಮರದ ಸುತ್ತ ನಾಲ್ಕು ಗೂಟಗಳನ್ನು ಹೊಡೆದು, ವಾಯವ್ಯ, ಪಶ್ಚಿಮ ಮತ್ತು ದಕ್ಷಿಣದ ಕಡೆಗೆ ಗೋಣಿತಟ್ಟನ್ನು ಪರದೆಯಂತೆ ಕಟ್ಟಿ. ಮೇಲ್ಭಾಗ ತೆರೆದಿರಲಿ. ತಟ್ಟು ಕೊಂಬೆಗಳಿಗೆ ತಾಗಬಾರದು, ತಾಗಿದರೆ ಒದ್ದೆಯಾಗಿ ಕೊಂಬೆಗೆ ಅಂಟಿಕೊಂಡು ಹೆಪ್ಪುಗಟ್ಟುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಎಂದೂ ಬಳಸಬೇಡಿ. ಫೆಬ್ರವರಿಯ ಬಿಸಿಲಿಗೆ ಒಳಗೆ ಕಾವೇರಿ ಮರ ನಿದ್ದೆಯಿಂದ ಅರ್ಧ ಏಳುತ್ತದೆ, ಅದೇ ರಾತ್ರಿ ಮತ್ತೆ ಮೈನಸ್ 15ಕ್ಕೆ ಬೀಳುತ್ತದೆ.

ಎಳೆಯ ಮರದ ತೆಳು ತೊಗಟೆಗೆ ನೈಋತ್ಯ ದಿಕ್ಕಿನಲ್ಲಿ ಆಗುವ ಗಾಯಕ್ಕೂ ಇದೇ ಕಾರಣ. ಇಳಿಹೊತ್ತಿನ ಬಿಸಿಲು ಕಾಂಡದ ಆ ಬದಿಯನ್ನು ಕಾಯಿಸುತ್ತದೆ, ಸೂರ್ಯ ಮುಳುಗಿದೊಡನೆ ಅದು ತಟ್ಟನೆ ಹೆಪ್ಪುಗಟ್ಟಿ ತೊಗಟೆ ಉದ್ದಕ್ಕೆ ಸೀಳುತ್ತದೆ. ಇದನ್ನು ತಡೆಯಲು ಬಿಳಿಯ ಪಟ್ಟಿಯನ್ನು ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಬುಡದಿಂದ ಮೇಲಕ್ಕೆ ಸುತ್ತಿ. ಮೇಲಿನ ಸುತ್ತು ಕೆಳಗಿನದರ ಮೇಲೆ ಹೆಂಚಿನಂತೆ ಕೂತರೆ ನೀರು ಒಳಗಿಳಿಯುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಬಿಚ್ಚಲೇಬೇಕು. ವರ್ಷವಿಡೀ ಬಿಟ್ಟ ಪಟ್ಟಿಯ ಅಡಿಯಲ್ಲಿ ತೇವವೂ ಹುಳುವೂ ಸೇರುತ್ತವೆ.

ಜಪಾನಿನ ಉದ್ಯಾನಗಳ ಚಿತ್ರಗಳಲ್ಲಿ ಪೈನ್ ಮರಗಳ ನಡುವಿಗೆ ಹುಲ್ಲಿನ ಚಾಪೆ ಕಟ್ಟಿರುವುದನ್ನು ತೋರಿಸಿ, ನಾವೂ ಹಾಗೆ ಕಟ್ಟಬಹುದೇ ಎಂದು ಕೇಳುವವರಿದ್ದಾರೆ. ಕೊಮೊಮಾಕಿ ಎಂಬ ಆ ಕಟ್ಟು ಚಳಿಗಾಗಿ ಬಂದದ್ದಲ್ಲ. ಚಳಿಗಾಲ ಕಳೆಯಲು ಮರದಿಂದ ಇಳಿಯುವ ಕಂಬಳಿಹುಳುಗಳನ್ನು ಅದರಲ್ಲಿ ಸೇರಿಸಿಕೊಂಡು ವಸಂತಕ್ಕೆ ಮೊದಲು ಸುಟ್ಟುಬಿಡುವ ಹಳೆಯ ಉಪಾಯ ಅದು.

7. ಕುಂಡದಲ್ಲಿರುವ ಮರ

ನನಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಕುಂಡದ ಮರಗಳದ್ದು. ಕಾಂಡ ಮತ್ತು ಕೊಂಬೆಗಳು ಮೈನಸ್ 25ನ್ನು ತಾಳಬಹುದಾದರೂ ಬೇರುಗಳಿಗೆ ಆ ಶಕ್ತಿಯಿಲ್ಲ. ಜಪಾನಿ ಮೇಪಲ್‌ನ ಬೇರು ಸುಮಾರು ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ಯಾರನ್‌ಹೀಟ್‌ನಲ್ಲಿ ಹೇಳುವುದಾದರೆ 14ರ ಆಸುಪಾಸಿನಲ್ಲಿ, ಸಾಯತೊಡಗುತ್ತದೆ. ನೆಲದೊಳಗೆ ಅಷ್ಟು ಚಳಿ ಇಳಿಯುವುದು ಅಪರೂಪ. ಕುಂಡದಲ್ಲಿ ಹಾಗಲ್ಲ, ನಾಲ್ಕೂ ಬದಿಯಿಂದ ಚಳಿ ಒಳಹೋಗುತ್ತದೆ. ಮರ ನಿಮ್ಮ ವಲಯಕ್ಕಿಂತ ಎರಡು ವಲಯ ಹೆಚ್ಚು ಚಳಿ ತಾಳುವಂಥದ್ದಾದರೆ ಮಾತ್ರ ಕುಂಡವನ್ನು ಹೊರಗೆ ಬಿಡಬಹುದು ಎಂಬ ಲೆಕ್ಕ ತೋಟಗಾರರಲ್ಲಿ ಬಳಕೆಯಲ್ಲಿದೆ. ಶಿಕಾಗೋದಲ್ಲಿ ಈ ಲೆಕ್ಕದ ಪ್ರಕಾರ ಯಾವ ಜಪಾನಿ ಮೇಪಲ್ ಕುಂಡವೂ ಹೊರಗಿರುವಂತಿಲ್ಲ.

ಹಾಗೆಂದು ಮನೆಯೊಳಗೆ ತರಬೇಡಿ. ಈ ತಪ್ಪನ್ನು ನಾನೇ ಮಾಡಿದ್ದೇನೆ: ಇಲ್ಲಿಗೆ ಬಂದ ಹೊಸತರಲ್ಲಿ ಹೀಟರ್ ಇರುವ ಬೇಸ್‌ಮೆಂಟಿನ ಕಿಟಕಿಯ ಪಕ್ಕ ಇಟ್ಟ ಗಿಡ ಸಂಕ್ರಾಂತಿಗೆಲ್ಲ ಚಿಗುರಿ, ಮನೆಗೆ ಬಂದವರ ಮೆಚ್ಚುಗೆ ಗಳಿಸಿ, ಮಾರ್ಚ್‌ನಲ್ಲಿ ಸತ್ತಿತು. ನಿದ್ದೆ ಪೂರ್ತಿಯಾಗದ ಮರ ಬೆಳಕು ಸಾಲದ ಕೋಣೆಯಲ್ಲಿ ತನ್ನ ಕೂಡಿಟ್ಟ ಶಕ್ತಿಯನ್ನೆಲ್ಲ ಒಂದೇ ಚಿಗುರಿಗೆ ಖರ್ಚುಮಾಡಿಬಿಡುತ್ತದೆ.

ಇರುವ ದಾರಿಗಳು ಎರಡು. ಮೊದಲನೆಯದು ಹೀಟರ್ ಇಲ್ಲದ, ಮನೆಗೆ ಅಂಟಿಕೊಂಡ ಗ್ಯಾರೇಜ್. ಅಲ್ಲಿನ ತಾಪಮಾನ ಚಳಿಗಾಲದುದ್ದಕ್ಕೂ ಮೈನಸ್ 7 ಮತ್ತು 5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು; ಅಂದಾಜಿನ ಮೇಲೆ ಹೋಗದೆ ತಾಪಮಾಪಕವನ್ನು ಕುಂಡದ ಪಕ್ಕ ನೆಲದ ಮಟ್ಟದಲ್ಲಿಟ್ಟು ಹಿಂದಿನ ರಾತ್ರಿಯ ಕನಿಷ್ಠ ಎಷ್ಟಿತ್ತೆಂದು ನೋಡುತ್ತಿರಿ. ಕುಂಡವನ್ನು ಒಳಗೆ ತರುವುದು ಎಲೆ ಪೂರ್ತಿ ಉದುರಿ, ಮರ ಕೆಲವು ಚಳಿರಾತ್ರಿಗಳನ್ನು ಹೊರಗೆ ಕಂಡ ಮೇಲೆ, ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ. ಎಲೆಯಿಲ್ಲದ ಮರಕ್ಕೆ ಬೆಳಕು ಬೇಡ. ಕುಂಡವನ್ನು ಮನೆಯ ಗೋಡೆಯ ಕಡೆಗೆ, ಹೊರಬಾಗಿಲಿನಿಂದ ದೂರ ಇಡಿ. ಸಿಮೆಂಟ್ ನೆಲಕ್ಕೆ ನೇರವಾಗಿ ತಾಗದಂತೆ ಅಡಿಗೆ ಹಲಗೆ ಅಥವಾ ಥರ್ಮಾಕೋಲ್ ಹಾಕಿ.

ಗ್ಯಾರೇಜಿನಲ್ಲಿ ಮರ ಸಾಯುವುದು ಚಳಿಗಿಂತ ಹೆಚ್ಚಾಗಿ ಬಾಯಾರಿಕೆಯಿಂದ. ಮೂರು–ನಾಲ್ಕು ವಾರಕ್ಕೊಮ್ಮೆ ಮಣ್ಣು ಮುಟ್ಟಿ ನೋಡಿ ಸ್ವಲ್ಪ ನೀರು ಕೊಡಬೇಕು. ನೆನಪಿಡಲು ಒಂದು ಸುಲಭ ಉಪಾಯವಿದೆ: ಹಿಮ ಬಿದ್ದಾಗಲೆಲ್ಲ ಉಪ್ಪು ಸೇರದ ಶುದ್ಧ ಹಿಮವನ್ನು ಎರಡು ಸಲಿಕೆ ತಂದು ಕುಂಡದ ಮೇಲೆ ಹಾಕಿ. ಅದು ತನ್ನ ಪಾಡಿಗೆ ನಿಧಾನವಾಗಿ ಕರಗಿ ಇಳಿಯುತ್ತದೆ, ಮಣ್ಣನ್ನು ತಣ್ಣಗೂ ಇಡುತ್ತದೆ.

ಎರಡನೆಯ ದಾರಿ ಕುಂಡವನ್ನೇ ನೆಲದಲ್ಲಿ ಹೂಳುವುದು. ತರಕಾರಿ ಮಡಿ ಖಾಲಿಯಾಗಿದ್ದರೆ ಅಕ್ಟೋಬರ್ ಕೊನೆಯಲ್ಲಿ ಕುಂಡದ ಅಂಚಿನವರೆಗೆ ಗುಂಡಿ ತೋಡಿ ಇಳಿಸಿ, ಮೇಲೆ ಮುಚ್ಚಿಗೆ ಹಾಕಿ, ಐದನೆಯ ಹಂತದಂತೆ ಜಾಲರಿ ಕಟ್ಟಿ. ನೀರು ಬಸಿದುಹೋಗುವ ಜಾಗವಾಗಿರಬೇಕು. ಮಣ್ಣಿನ ಕುಂಡ ಚಳಿಗೆ ಬಿರಿಯುವುದರಿಂದ ಪ್ಲಾಸ್ಟಿಕ್ ಕುಂಡಕ್ಕೆ ಮಾತ್ರ ಈ ಕ್ರಮ ಒಳ್ಳೆಯದು. ಗ್ಯಾರೇಜ್ ಇಲ್ಲದವರು ಇದನ್ನೇ ಮಾಡಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇರುವವರಿಗೆ ಎರಡೂ ದಾರಿಗಳಿಲ್ಲ; ಕುಂಡಕ್ಕೆ ಎಷ್ಟೇ ಗುಳ್ಳೆ ಪ್ಲಾಸ್ಟಿಕ್ ಸುತ್ತಿದರೂ ಒಂದು ವಾರದ ಬಿಗಿಚಳಿಯಲ್ಲಿ ಒಳಗಿನ ಮಣ್ಣು ಹೊರಗಿನ ಮಟ್ಟಕ್ಕೇ ಇಳಿಯುತ್ತದೆ. ಗ್ಯಾರೇಜ್ ಇರುವ ಸ್ನೇಹಿತರ ಮನೆಯಲ್ಲಿ ನಾಲ್ಕು ತಿಂಗಳು ಇಡಿಸುವುದನ್ನು ಬಿಟ್ಟು ಬೇರೆ ಸಲಹೆ ನನ್ನಲ್ಲಿಲ್ಲ.

8. ಹಿಮ, ಉಪ್ಪು ಮತ್ತು ದೀಪದ ಸರ

ಒಣಹಿಮ ಮರಕ್ಕೆ ಹಿತವೇ. ಬುಡದ ಮೇಲೆ ಅದು ಮುಚ್ಚಿಗೆಯಂತೆ ಕೆಲಸ ಮಾಡುತ್ತದೆ. ತೊಂದರೆ ಕೊಡುವುದು ಒದ್ದೆಹಿಮ. ಲೇಸ್‌ಲೀಫ್ ಮರದ ಕೊಡೆಯಂಥ ತಲೆಯ ಮೇಲೆ ಅದು ಕೂತರೆ ಕವಲುಗಳು ಸೀಳುತ್ತವೆ. ಪೊರಕೆಯನ್ನು ಕೊಂಬೆಯ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಹಿಮ ಜಾರಿಸಿ. ಮೇಲಿನಿಂದ ಬಡಿಯಬೇಡಿ, ಮರ ಹಿಡಿದು ಅಲುಗಾಡಿಸಬೇಡಿ. ಮಂಜುಗಡ್ಡೆ ಅಂಟಿದ್ದರೆ ಮುಟ್ಟದೆ ಬಿಡಿ, ತಾನಾಗಿ ಕರಗಲಿ. ಒದ್ದೆಹಿಮಕ್ಕೆ ಹೆಸರಾದ ಜಪಾನಿನ ಕನಜಾವಾದಲ್ಲಿರುವ ಕೆನ್ರೊಕುಎನ್ ಉದ್ಯಾನದಲ್ಲಿ ಪ್ರತಿ ನವೆಂಬರ್ 1ರಿಂದ ಮರಗಳ ನಡುವೆ ಕಂಬ ನಿಲ್ಲಿಸಿ, ಅದರ ತುದಿಯಿಂದ ಒಂದೊಂದು ಕೊಂಬೆಗೂ ಹಗ್ಗ ಇಳಿಬಿಟ್ಟು ಕಟ್ಟುತ್ತಾರೆ. ಇದಕ್ಕೆ ಯುಕಿತ್ಸುರಿ ಎಂದು ಹೆಸರು. ನಿಮ್ಮ ಮರ ಚಿಕ್ಕದಿದ್ದರೆ ಒಂದು ಬಿದಿರುಕೋಲು ಮತ್ತು ಸೆಣಬಿನ ದಾರದಿಂದ ಅದನ್ನೇ ಮಾಡಿ ನೋಡಬಹುದು, ನೋಟವೂ ಚೆನ್ನಾಗಿರುತ್ತದೆ.

ಡ್ರೈವ್‌ವೇಗೆ ಎರಚುವ ಉಪ್ಪು ಕರಗಿ ಬುಡ ಸೇರಿದರೆ ಬೇರು ಸುಡುತ್ತದೆ. ಹಿಮ ತೆಗೆಯುವ ಯಂತ್ರದ ಬಾಯಿ ಮರದ ಕಡೆಗೆ ತಿರುಗದಂತೆ ನೋಡಿಕೊಳ್ಳಿ. ಮರದ ಹತ್ತಿರ ಉಪ್ಪಿನ ಬದಲು ಮರಳು ಹಾಕಿ. ಉಪ್ಪು ಸೇರಿದೆ ಎನ್ನಿಸಿದರೆ ನೆಲ ಕರಗಿದ ಮೇಲೆ ಬುಡಕ್ಕೆ ಧಾರಾಳವಾಗಿ ನೀರು ಹರಿಸಿ ತೊಳೆಯಿರಿ. ದೀಪಾವಳಿಗೆ ಸುತ್ತಿದ ಎಲ್‌ಇಡಿ ಸರವನ್ನು ಕ್ರಿಸ್‌ಮಸ್‌ವರೆಗೆ ಬಿಟ್ಟರೆ ಮರಕ್ಕೇನೂ ಆಗುವುದಿಲ್ಲ, ಆದರೆ ಸಡಿಲವಾಗಿ ಸುತ್ತಿ, ಚಿಗುರುವ ಮೊದಲು ಬಿಚ್ಚಿ. ಮರೆತ ತಂತಿ ಎರಡು ವರ್ಷದಲ್ಲಿ ತೊಗಟೆಯೊಳಗೆ ಹೂತುಕೊಳ್ಳುತ್ತದೆ.

9. ವಸಂತದಲ್ಲಿ ಅವಸರ ಬೇಡ

ಯುಗಾದಿ ಬಂತೆಂದರೆ ನಮಗೆ ಚಿಗುರಿನ ನಿರೀಕ್ಷೆ. ಶಿಕಾಗೋದ ಯುಗಾದಿಗೆ ಹಿಮವೂ ಬೀಳಬಹುದು. ಕುಂಡಗಳನ್ನು ಮೊಗ್ಗು ಉಬ್ಬುವ ಹೊತ್ತಿಗೆ, ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರದಲ್ಲಿ ಹೊರಗೆ ತಂದು ನೆರಳಿನಲ್ಲಿಡಿ. ಗ್ಯಾರೇಜಿನಲ್ಲೇ ಎಲೆ ಬಿಟ್ಟಿದ್ದರೆ ಹಗಲು ಹೊರಗೆ, ಚಳಿರಾತ್ರಿ ಒಳಗೆ ಎಂದು ಕೆಲವು ವಾರ ಹೊತ್ತು ತಿರುಗಬೇಕಾಗುತ್ತದೆ. ಗೋಣಿಪರದೆಯನ್ನು ಏಪ್ರಿಲ್‌ನಲ್ಲಿ ಮೋಡವಿರುವ ದಿನ ನೋಡಿ ತೆಗೆಯಿರಿ.

ಬರಿಗೊಂಬೆಗೆ ಮೈನಸ್ 20 ಲೆಕ್ಕಕ್ಕಿಲ್ಲ, ಬಿಚ್ಚಿದ ಎಳೆ ಎಲೆಗೆ ಮೈನಸ್ 2 ಕೂಡ ಹೆಚ್ಚು. ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ನಮ್ಮಲ್ಲಿ ಮೇ ಮಧ್ಯದವರೆಗೂ ಬರಬಹುದು. ಅಂಥ ಮುನ್ಸೂಚನೆ ಇದ್ದಾಗ ಸಂಜೆಯೇ ಹಳೆಯ ಹತ್ತಿ ಪಂಚೆ ಅಥವಾ ಬೆಡ್‌ಶೀಟನ್ನು ನೆಲ ಮುಟ್ಟುವಂತೆ ಮರದ ಮೇಲೆ ಇಳಿಬಿಡಿ. ಇಲ್ಲಿ ಹೊದಿಕೆ ನಿಜವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಹಗಲು ಕಾದ ನೆಲದಿಂದ ಏಳುವ ಕಾವು ಅದರೊಳಗೆ ನಿಲ್ಲುತ್ತದೆ. ಬಟ್ಟೆ ನೆಲ ಮುಟ್ಟದೆ ಕಾಂಡಕ್ಕೆ ಕಟ್ಟಿದಂತಿದ್ದರೆ ಪ್ರಯೋಜನವಿಲ್ಲ. ಬೆಳಗ್ಗೆ ತೆಗೆಯಲು ಮರೆಯಬೇಡಿ. ಇಷ್ಟಾಗಿಯೂ ಎಲೆ ಸುಟ್ಟರೆ ಗೊಬ್ಬರ ಸುರಿಯದೆ ನೀರು ಕೊಡುತ್ತ ಮೂರು–ನಾಲ್ಕು ವಾರ ಕಾಯಿರಿ, ಮರದಲ್ಲಿ ಮೀಸಲು ಮೊಗ್ಗುಗಳಿರುತ್ತವೆ.

10. ಚಿಗುರದ ಮರವನ್ನು ಪರೀಕ್ಷಿಸುವುದು

ಒಣ ಎಲೆಗಳು ಚಳಿಗಾಲವಿಡೀ ಕೊಂಬೆಯಲ್ಲೇ ಉಳಿದಿದ್ದರೆ ಗಾಬರಿಯಾಗಬೇಡಿ. ತೊಟ್ಟಿನ ಬುಡದಲ್ಲಿ ಎಲೆಯನ್ನು ಕಳಚುವ ಪದರ ರೂಪುಗೊಳ್ಳುವ ಮೊದಲೇ ಬಿಗಿಚಳಿ ಬಂದರೆ ಹೀಗಾಗುತ್ತದೆ. ಅದೊಂದರಿಂದ ಮರ ಸತ್ತಿದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ಮೇ ಮಧ್ಯದಲ್ಲೂ ಚಿಗುರಿಲ್ಲವಾದರೆ ಉಗುರಿನಿಂದ ಒಂದು ತುದಿಗೊಂಬೆಯ ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಅಡಿಯಲ್ಲಿ ಹಸಿರು, ತೇವದ ಪದರ ಕಂಡರೆ ಜೀವವಿದೆ. ಕಂದು ಬಣ್ಣದ್ದಾಗಿ ಒಣಗಿದ್ದರೆ ಒಂದಡಿ ಕೆಳಗೆ ಕೆರೆದು ನೋಡಿ, ಹೀಗೆ ಕಾಂಡದ ಕಡೆಗೆ ಇಳಿಯುತ್ತ ಹೋಗಿ. ಎಲ್ಲಿ ಹಸಿರು ಸಿಗುತ್ತದೋ ಅದರ ಮೇಲಿನದು ಸತ್ತ ಭಾಗ. ಆದರೂ ಜೂನ್ ಮಧ್ಯದವರೆಗೆ ಕತ್ತರಿ ಹಿಡಿಯಬೇಡಿ. ತಡವಾಗಿ ಚಿಗುರುವ ಕೊಂಬೆಗಳನ್ನು ಅವಸರದಲ್ಲಿ ಕಳೆದುಕೊಂಡವರು ಬಹಳ ಜನ. ಬೇಗ ಕತ್ತರಿಸಿದರೆ ಏರುತ್ತಿರುವ ರಸ ಗಾಯದಿಂದ ಸುರಿಯುತ್ತಲೂ ಇರುತ್ತದೆ. ಎಲೆ ಪೂರ್ತಿ ಬಿಚ್ಚಿದ ಮೇಲೆ, ಮಳೆಯಿಲ್ಲದ ದಿನ, ಕತ್ತರಿಯ ಅಲಗನ್ನು ಸ್ಪಿರಿಟ್‌ನಿಂದ ಒರೆಸಿಕೊಂಡು, ಜೀವಂತ ಮೊಗ್ಗಿನ ಸ್ವಲ್ಪ ಮೇಲೆ ಕತ್ತರಿಸಿ.

ಕೊನೆಯದಾಗಿ, ನರ್ಸರಿಗಳಲ್ಲಿ ಸಿಗುವ ಹೆಸರುಳ್ಳ ತಳಿಗಳು ಬಹುತೇಕ ಕಸಿ ಗಿಡಗಳು: ಬೇರು ಮತ್ತು ಬುಡ ಸಾಧಾರಣ ಹಸಿರು ಜಪಾನಿ ಮೇಪಲ್‌ನದು, ಮೇಲಿನದು ನೀವು ದುಡ್ಡು ಕೊಟ್ಟ ಕೆಂಪು ತಳಿ. ಬಿಗಿಚಳಿಯ ವರ್ಷದಲ್ಲಿ ಮೇಲಿನ ಭಾಗ ಸತ್ತು ಬುಡ ಉಳಿದರೆ ಜೂನ್‌ನಲ್ಲಿ ಅಲ್ಲಿಂದ ಹುಲುಸಾದ ಹಸಿರು ಚಿಗುರು ಬರುತ್ತದೆ. ಕಾಂಡದ ಕೆಳಭಾಗದಲ್ಲಿ ಉಬ್ಬಿದಂತೆ ಅಥವಾ ತೊಗಟೆಯ ಬಣ್ಣ ಬದಲಾದಂತೆ ಕಾಣುವ ಕಸಿಗಂಟನ್ನು ಹುಡುಕಿ. ಚಿಗುರು ಗಂಟಿನ ಮೇಲಿನಿಂದ ಬಂದಿದ್ದರೆ ನಿಮ್ಮ ಮರ ಉಳಿದಿದೆ. ಕೆಳಗಿನಿಂದ ಬಂದಿದ್ದು, ಮೇಲೆಯೂ ಜೀವವಿದ್ದರೆ, ಹಸಿರು ಚಿಗುರನ್ನು ಬುಡದಲ್ಲೇ ತೆಗೆದುಹಾಕಿ. ಬಿಟ್ಟರೆ ಅದು ಕೆಂಪನ್ನು ಹಿಂದಿಕ್ಕಿ ಬೆಳೆಯುತ್ತದೆ. ಮೇಲೆ ಏನೂ ಉಳಿದಿಲ್ಲವಾದರೆ ಹಸಿರು ಮರವನ್ನೇ ಇಟ್ಟುಕೊಳ್ಳಬಹುದು. ಅದಕ್ಕೆ ತಳಿಯ ಹೆಸರಿರುವುದಿಲ್ಲ, ಆದರೆ ನಿಮ್ಮ ಅಂಗಳದ ಚಳಿಯನ್ನು ಒಮ್ಮೆ ದಾಟಿದ ಬೇರು ಅದರದ್ದು, ಅಕ್ಟೋಬರ್‌ನಲ್ಲಿ ಕಿತ್ತಳೆ–ಕೆಂಪಿಗೆ ತಿರುಗುವುದನ್ನೂ ಅದು ಬಿಡುವುದಿಲ್ಲ.